ಹತ್ತನೇ ತಾರೀಖು, ಸೋಮವಾರ

ದಾವಣಗೆರೆಯಲ್ಲಿ ನನ್ನದು ಗಾಡಿ ಸಾಮಾನಿನ ಅಂಗಡಿ. ಅಚ್ಚು, ಗಾಲಿಗೆ ಬಿಗಿಯುವ ಕಬ್ಬಿಣದ ಪಟ್ಟಿ, ನೊಗ, ಹಗ್ಗ, ಕೀಲೆಣ್ಣೆ, ಇಷ್ಟೇ ವ್ಯಾಪಾರ. ಅಪ್ಪ ಇಟ್ಟ ಅಂಗಡಿ. ಅವರ ಕಾಲದಲ್ಲಿ ಹತ್ತಿ ಸುಗ್ಗಿ ಬಂತೆಂದರೆ ಅಂಗಡಿ ಮುಂದೆ ಎತ್ತಿನ ಗಾಡಿಗಳು ಸಾಲುಗಟ್ಟಿ ನಿಲ್ಲುತ್ತಿದ್ದವು. ಐವತ್ತೇಳನೇ ಇಸವಿಯ ಹೊತ್ತಿಗೆ ಲಾರಿಗಳು ಹೆಚ್ಚಾಗಿ ಗಿರಾಕಿಗಳು ಅರ್ಧಕ್ಕಿಳಿದಿದ್ದರು. ಆಗ ಮದರಾಸಿನ ಒಂದು ಕಂಪನಿ ಎತ್ತಿನ ಗಾಡಿಗೆ ರಬ್ಬರ್ ಟೈರ್ ಹಾಕಿ ಮಾರುತ್ತಿದೆ, ನಮ್ಮ ಸೀಮೆಗೊಬ್ಬ ಏಜೆಂಟನನ್ನು ಹುಡುಕುತ್ತಿದೆ ಎಂದು ಗೊತ್ತಾಯಿತು. ಆ ಏಜೆನ್ಸಿ ಸಿಕ್ಕರೆ ಅಂಗಡಿ ಉಳಿಯುತ್ತದೆ, ಸಿಗದಿದ್ದರೆ ಇನ್ನೈದು ವರ್ಷಕ್ಕೆ ಬೀಗ. ಈ ಲೆಕ್ಕ ನನಗೆ ಗೊತ್ತಿದ್ದಂತೆ ಹರಿಹರದ ಹಾಲೇಶಪ್ಪನಿಗೂ ಗೊತ್ತಿತ್ತು. ಅವನದೂ ಇದೇ ವ್ಯಾಪಾರ. ಅವನೂ ಅರ್ಜಿ ಹಾಕಿದ್ದ.

ನಾನು ಆವರಗೆರೆ ಶಾಲೆಯಲ್ಲಿ ನಾಲ್ಕನೇ ಕ್ಲಾಸಿನವರೆಗೆ ಓದಿದವನು. ಇಂಗ್ಲಿಷ್ ಬಾರದು. ಕಂಪನಿಯ ಕಾಗದಗಳನ್ನು ಓದಿ ಉತ್ತರ ಬರೆಯುತ್ತಿದ್ದವರು ನಮ್ಮ ಓಣಿಯ ಪಂಚಾಕ್ಷರಪ್ಪನವರು. ರೈಲ್ವೆಯಲ್ಲಿ ಮೂವತ್ತು ವರ್ಷ ಗುಮಾಸ್ತರಾಗಿ, ಇಂಗ್ಲಿಷ್ ಸಾಹೇಬರುಗಳ ಕೈಕೆಳಗೆ ದುಡಿದು ನಿವೃತ್ತರಾದವರು. ಎಂಟು ತಿಂಗಳು ಕಾಗದ ಹೋಗಿ ಬಂದು ಮಾಡಿ, ಕೊನೆಗೆ ಜನವರಿಯಲ್ಲಿ ಒಂದು ಕಾಗದ ಬಂತು.

"ಪ್ರೆಸ್ಟನ್ ಅಂತ ಸಾಹೇಬರು ಖುದ್ದು ಬರ್ತಾರಂತೆ ಕಲ್ಲೇಶಪ್ಪ," ಎಂದು ಪಂಚಾಕ್ಷರಪ್ಪನವರು ಕನ್ನಡಕ ಮೇಲೇರಿಸಿದರು. "ಒಂದು ಟೈರ್ ಗಾಡೀನ ಮೊದ್ಲೇ ಗೂಡ್ಸಿನಾಗೆ ಹರಿಹರ ಸ್ಟೇಷನ್ನಿಗೆ ಕಳಿಸ್ತಾರಂತೆ. ಅದಕ್ಕೆ ಮೂವತ್ತು ಮೂಟೆ ಹೇರಿ, ಒಂದು ಜೊತೆ ಎತ್ತು ಹೂಡಿ, ವರ್ತಕರ ಎದುರಿಗೆ ಹರಿಹರದಿಂದ ದಾವಣಗೆರೆ ಮಂಡಿವರೆಗೂ ಹೊಡಿಸಿ ತೋರಿಸ್ಬೇಕಂತೆ. ಅದನ್ನ ನೋಡಿ ಏಜೆನ್ಸಿ ತೀರ್ಮಾನ. ಫೆಬ್ರವರಿ ಹತ್ತು, ಬೆಳಗಿನ ರೈಲು. ಆಗ್ತೈತಾ ಅಂತ ಕೇಳ್ಯಾರೆ."

ಕಬ್ಬಿಣದ ಪಟ್ಟಿಯ ಗಾಡಿ ಹದಿನೈದು ಮೂಟೆಗೇ ನರಳುತ್ತದೆ. ಮೂವತ್ತು ಮೂಟೆ ಒಂಬತ್ತು ಮೈಲಿ ಹೋಯಿತೆಂದರೆ ವರ್ತಕರು ತಾವಾಗಿಯೇ ಅಂಗಡಿಗೆ ಬರುತ್ತಾರೆ.

"ಅವತ್ತು ಅಮಾಸಿ ಅಲ್ಲ ತಾನೆ?" ಎಂದು ಕೇಳಿದೆ.

ಅವರು ಪಂಚಾಂಗ ನೋಡಿದರು. "ಅಮಾಸಿ ಹದಿನೆಂಟಕ್ಕೆ. ಹತ್ತಕ್ಕೆ ಏನೂ ಇಲ್ಲ."

"ಹಂಗಾದ್ರೆ ಬರ್ರಿ ಅಂತ ಬರೀರಿ."

ನಾನು ವಾರ ಕೇಳಲಿಲ್ಲ, ಅವರು ಹೇಳಲಿಲ್ಲ. ರೈಲಿನವರಿಗೆ ಏಳೂ ವಾರ ಒಂದೇ. ನನಗೇನಾಗಿತ್ತೋ ಗೊತ್ತಿಲ್ಲ.

ಅಲ್ಲಿಂದ ಮುಂದೆ ಹದಿನೈದು ದಿನ ಪಂಚಾಕ್ಷರಪ್ಪನವರು ನನಗೆ ಸಾಹೇಬರ ರೀತಿ ರಿವಾಜು ಹೇಳಿಕೊಟ್ಟರು. ಟೈಮಿಗೆ ಒಂದು ನಿಮಿಷ ತಪ್ಪಬಾರದು. ಸಂಬಳ ಎಷ್ಟು ಎಂದು ಕೇಳಬಾರದು, ಮಕ್ಕಳೆಷ್ಟು ಎಂದೂ ಕೇಳಬಾರದು. ಊಟಕ್ಕೆ ಬಲವಂತ ಮಾಡಬಾರದು. ಮಾತಾಡುವಾಗ ಹೆಗಲ ಮೇಲೆ ಕೈ ಹಾಕಬಾರದು.

"ಮತ್ತೆ ಏನ್ ಮಾಡ್ಬೇಕು? ಗೂಟದಂಗೆ ನಿಂತ್ಕಂಬೇಕಾ?" ಎಂದೆ.

"ಮುಖ್ಯ, ಕೂಗಾಡಬಾರದು," ಎಂದರು ಅವರು, ನನ್ನ ಮುಖ ನೋಡದೆ.

ಹನ್ನೆರಡು ಮಂದಿ ವರ್ತಕರಿಗೆ ಹೋಗಿ ಹೇಳಿದೆ. ಎಲ್ಲರಿಗೂ ಹತ್ತನೇ ತಾರೀಖು ಎಂದೇ ಹೇಳಿದೆ, ಎಲ್ಲರೂ "ಬರ್ತೀವಿ ಬಿಡಪ್ಪ" ಎಂದರು. ಎತ್ತು ಹೂಡಲು ಹುಸೇನ್ ಸಾಬರನ್ನು ಗೊತ್ತು ಮಾಡಿದೆ. ಆವರಗೆರೆಯವರು, ನನಗಿಂತ ಹತ್ತು ವರ್ಷ ದೊಡ್ಡವರು, ನಮ್ಮಪ್ಪನ ಕಾಲದಿಂದ ಅಂಗಡಿಗೆ ಗಾಡಿ ಹೊಡೆದವರು. ನಾನು ಅವರನ್ನು ಚಿಕ್ಕಂದಿನಿಂದ ಹುಸೇನಣ್ಣ ಎಂದೇ ಕರೆಯುವುದು. ಅವರ ಎತ್ತಿನ ಜೋಡಿಯಂಥದ್ದು ಸುತ್ತ ಹತ್ತು ಹಳ್ಳಿಯಲ್ಲಿರಲಿಲ್ಲ.

"ಹುಸೇನಣ್ಣ, ಮುಂದಿನ ವಾರ ಒಂದಿನ ಎತ್ತು ಬೇಕು."

"ಆತು ತಗೊಳ್ರಿ ಸಾವ್ಕಾರ್ರೆ. ಹಿಂದಿನ ದಿನ ಹೇಳಿ ಕಳಿಸ್ರಿ."

ಒಂಬತ್ತನೇ ತಾರೀಖು, ಭಾನುವಾರ ಸಂಜೆ, ನಾಳೆ ಉಡುವ ಧೋತರವನ್ನು ಮಡಿಸಿಡುತ್ತಿದ್ದ ನನ್ನ ಹೆಂಡತಿ ಕಸ್ತೂರಮ್ಮ, "ಅಲ್ರೀ, ನಾಳೆ ಸೋಮವಾರ. ಎತ್ತು ಯಾರು ಹೂಡ್ತಾರೆ?" ಎಂದಳು.

ನಾನು ಅಲ್ಲಿಯೇ ಕೂತೆ.

ನಮ್ಮ ಕಡೆ ಸೋಮವಾರ ಎತ್ತಿನ ಹೆಗಲ ಮೇಲೆ ನೊಗ ಇಡುವುದಿಲ್ಲ. ಬಸವಣ್ಣನಿಗೆ ಬಿಡುವಿನ ದಿನ. ಮೈ ತೊಳೆದು, ಹಣೆಗೆ ವಿಭೂತಿ ಹಚ್ಚಿ, ಹುಲ್ಲು ಹಾಕಿ ಬಿಡುತ್ತಾರೆ. ಮಳೆ ಬಂದು ಬಿತ್ತನೆಯ ಹದ ತಪ್ಪಿ ಹೋಗುತ್ತಿದ್ದರೂ ಹೂಡುವುದಿಲ್ಲ. ಇದನ್ನು ಯಾರೂ ಯಾರಿಗೂ ಹೇಳಿಕೊಡುವುದಿಲ್ಲ, ಮಗುವಿಗೂ ಗೊತ್ತು. ಗಾಡಿ ಸಾಮಾನು ಮಾರಿ ಬದುಕುವ ನಾನು ಇದನ್ನು ಮರೆತಿದ್ದೆ.

"ಮೊದ್ಲೇ ಯಾಕ ಹೇಳ್ಲಿಲ್ಲ?" ಎಂದು ಅವಳ ಮೇಲೆ ಹರಿಹಾಯ್ದೆ.

"ನೀವು ತಾರೀಖು ತಾರೀಖು ಅಂತಿದ್ರಿ. ನಂಗ್ಯಾವ ತಾರೀಖು ಗೊತ್ತು?" ಎಂದು ಅವಳು ಧೋತರ ಅಲ್ಲೇ ಬಿಟ್ಟು ಒಳಗೆ ಹೋದಳು.

ಸಾಹೇಬರು ಆಗಲೇ ರೈಲಿನಲ್ಲಿದ್ದರು. ತಂತಿ ಕೊಟ್ಟು ನಿಲ್ಲಿಸುವ ಹಾಗಿರಲಿಲ್ಲ. ನನಗೆ ಹೊಳೆದದ್ದು ಒಂದೇ. ಹುಸೇನ್ ಸಾಬರು ಮುಸಲ್ಮಾನರು. ಅವರಿಗೆಲ್ಲಿಯ ಸೋಮವಾರ?

ಬೆಳಕು ಹರಿಯುತ್ತಲೇ ಆವರಗೆರೆಗೆ ಹೋದೆ. ಅವರು ಕೊಟ್ಟಿಗೆಯ ಮುಂದೆ ಎತ್ತಿಗೆ ಹಿಂಡಿ ಕಲಸುತ್ತಿದ್ದರು.

"ಹುಸೇನಣ್ಣ, ಎತ್ತು ಹೊಡ್ಕಂಡು ಹರಿಹರಕ್ಕೆ ನಡಿ. ಇವತ್ತೇ ಅದು."

"ಇವತ್ತೇನ್ರಿ? ಇವತ್ತು ಸೋಮವಾರ."

"ಗೊತ್ತೈತೆ. ನಿಂಗ್ಯಾವ ಸೋಮವಾರ?"

"ನಂಗಿಲ್ರಿ. ಎತ್ತಿಗೈತೆ." ಹಿಂಡಿಯ ಕೈ ಎತ್ತದೆಯೇ ಹೇಳಿದರು. "ಇವು ಕೊಂಡಜ್ಜಿ ಬಸವಣ್ಣೆಮ್ಮನ ಮನೆ ಎತ್ತು. ಕೊಡುವಾಗ ಆಯಮ್ಮ ಇವಕ್ಕೆ ವಿಭೂತಿ ಹಚ್ಚಿ, ಸೋಮವಾರ ಹೂಡ್ಬ್ಯಾಡಪ್ಪ ಹುಸೇನ ಅಂದ್ಲು. ಆಗ್ಲಿ ತಾಯಿ ಅಂದೀನಿ. ಏಳು ವರ್ಷಾತು."

"ಆಯಮ್ಮ ಇಲ್ಲಿಗೆ ಬಂದು ನೋಡ್ತಾಳಾ?"

"ಎತ್ತು ನೋಡ್ತಾವಲ್ರಿ."

"ಒಂದಿನಕ್ಕೆ ಏನಾಗ್ತೈತೆ? ನನ್ನ ಅಂಗಡಿ ಹೋಗ್ತೈತೆ ಮಾರಾಯ!"

"ನೀವು ಲಿಂಗ ಕಟ್ಟಿದೋರು ಸಾವ್ಕಾರ್ರೆ. ನೀವೇ ಸೋಮವಾರ ಹೂಡು ಅಂತೀರಲ್ರಿ, ನಾನು ಏನ್ ಹೇಳ್ಲಿ?"

ನನಗೆ ತಡೆಯಲಾಗಲಿಲ್ಲ. "ಏ ಸಾಬ, ನಂಗೇ ಧರ್ಮ ಹೇಳ್ತೀಯಾ? ನಮ್ಮಪ್ಪನ ಉಪ್ಪು ತಿಂದು ಬೆಳೆದೋನು ನೀನು!" ಎಂದು ಓಣಿಯ ತುದಿಗೆ ಕೇಳುವ ಹಾಗೆ ಕೂಗಿದೆ. ಅವರ ಹೆಂಡತಿ ಖತೀಜಾಬೀ ಬಾಗಿಲಿಗೆ ಬಂದು, ನನ್ನನ್ನು ನೋಡಿ, ಮತ್ತೆ ಒಳಗೆ ಹೋದಳು.

ಹುಸೇನ್ ಸಾಬರು ಕೈ ತೊಳೆದುಕೊಂಡರು. "ಎತ್ತು ಬರಲ್ರಿ. ನಾನು ಬರ್ತೀನಿ. ಬರ್ತೀನಿ ಅಂತ ಮಾತು ಕೊಟ್ಟೀನಿ," ಎಂದರು.

ಬಸ್ಸಿನಲ್ಲಿ ಹರಿಹರಕ್ಕೆ ನಾನು ಮುಂದಿನ ಸೀಟಿನಲ್ಲಿ, ಅವರು ಹಿಂದಿನ ಸೀಟಿನಲ್ಲಿ ಕೂತು ಹೋದೆವು.

ಹರಿಹರ ಸ್ಟೇಷನ್ನಿನ ಗೂಡ್ಸ್ ಷೆಡ್ಡಿನ ಮುಂದೆ ಟೈರ್ ಗಾಡಿ ಮೂವತ್ತು ಮೂಟೆ ಹೇರಿಕೊಂಡು, ನೊಗ ಕಟ್ಟುವ ಮೂಕಿ ಮರವನ್ನು ಕಲ್ಲಿನ ಮೇಲೆ ಊರಿಕೊಂಡು ನಿಂತಿತ್ತು. ಹಸಿರು ಬಣ್ಣ ಬಳಿದಿದ್ದರು. ಹನ್ನೆರಡು ವರ್ತಕರಲ್ಲಿ ಹನ್ನೆರಡು ಮಂದಿಯೂ ಬಂದಿದ್ದರು, ಅದೂ ಟೈಮಿಗೆ ಸರಿಯಾಗಿ. ಬಾರದೆ ಏನು, ಸೋಮವಾರ ಮಂಡಿಗೆ ಗಾಡಿ ಬರುವುದಿಲ್ಲ, ಅವರಿಗೂ ಕೆಲಸವಿಲ್ಲ. ಹಾಲೇಶಪ್ಪನೂ ಕರೆಯದೆಯೇ ಬಂದು ಬೇವಿನ ಮರಕ್ಕೆ ಒರಗಿ ನಿಂತಿದ್ದ.

ರೈಲಿನಿಂದ ಸಾಹೇಬರು ಇಳಿದರು. ಐವತ್ತರ ಪ್ರಾಯ, ಕೆಂಪು ಮುಖ, ಗಟ್ಟಿ ಆಳು. ಕೈ ಕುಲುಕುತ್ತಾರೆಂದು ನಾನು ಬಲಗೈ ಮುಂದೆ ಚಾಚಿದೆ. ಅವರು ಎರಡೂ ಕೈ ಜೋಡಿಸಿ ನಮಸ್ಕಾರ ಮಾಡಿದರು. ನಾನು ಗಡಬಡಿಸಿ ಕೈ ಜೋಡಿಸುವಷ್ಟರಲ್ಲಿ ಅವರು ಕೈ ಚಾಚಿದರು. ವರ್ತಕರು ನಕ್ಕರು. ಹಾರ ಹಾಕಿದೆವು, ಅವರು ತೆಗೆಯಲಿಲ್ಲ. ಗಾಡಿಗೆ ಕಾಯಿ ಒಡೆಯುವಾಗ ಯಾರೂ ಹೇಳದೆಯೇ ಬೂಟು ಬಿಚ್ಚಿಟ್ಟು ಬರಿಗಾಲಲ್ಲಿ ನಿಂತರು. ಆ ಯಾರ್ಡಿನ ತುಂಬ ಜಾಲಿ ಮುಳ್ಳು. ಒಂದು ಅವರ ಹಿಮ್ಮಡಿಗೆ ಚುಚ್ಚಿತು. ಬಗ್ಗಿ ಕಿತ್ತು ಎಸೆದರು. ಆಮೇಲೆ ಗೊತ್ತಾಯಿತು, ಅವರ ಜೇಬಿನಲ್ಲಿ ಒಂದು ಪುಟ್ಟ ನೋಟ್‌ಬುಕ್ಕಿತ್ತು. ಊರೂರಿಗೆ ತಿರುಗುವ ತನ್ನ ನೌಕರರಿಗೆಂದು ಕಂಪನಿಯೇ ಬರೆಸಿದ್ದು. ಯಾವ ಸೀಮೆಯಲ್ಲಿ ಹೇಗೆ ನಡೆದುಕೊಳ್ಳಬೇಕು, ಏನು ಮಾಡಬಾರದು ಎಂದೆಲ್ಲ ಅದರಲ್ಲಿತ್ತು. ಎಡಗೈಯಲ್ಲಿ ಕೊಡಬಾರದು. ಕೊಟ್ಟ ತಿಂಡಿ ಬೇಡವೆನ್ನಬಾರದು. ಹಿಂದೂಸ್ಥಾನದವರನ್ನು ಅವಸರ ಮಾಡಬಾರದು.

ಎತ್ತು ಬರುವುದಿಲ್ಲ ಎಂದು ನಾನು ಅವರಿಗೆ ಆಗಲೇ ಹೇಳಬೇಕಿತ್ತು. ಹೇಳಲಿಲ್ಲ. ಮನೆ ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನುವುದು ನನ್ನ ಬಾಯಲ್ಲಿ ಬರುವುದಿಲ್ಲ. ಅದರ ಮೇಲೆ ಹಾಲೇಶಪ್ಪನ ಎದುರಿಗೆ ಹೇಗೆ ಹೇಳಲಿ? ಎಲ್ಲಿಂದಾದರೂ ಒಂದು ಜೊತೆ ಸಿಕ್ಕೀತು ಎಂದು ಊರೊಳಗೆ ಆಳು ಅಟ್ಟಿ, ಪಂಚಾಕ್ಷರಪ್ಪನವರಿಗೆ, "ಎತ್ತು ಬರ್ತಾ ಅದಾವೆ, ಅಷ್ಟ್ರಾಗೆ ಕಾಫಿ ತಗೊಳ್ರಿ ಅನ್ರಿ," ಎಂದೆ.

ಸಾಹೇಬರು ಕಾಫಿ ಕುಡಿದರು. ಎತ್ತು ಬರಲಿಲ್ಲ. ಉಪ್ಪಿಟ್ಟು ತರಿಸಿದೆ. ತಿಂದರು. ಇನ್ನೊಂದು ಪ್ಲೇಟು ಹಾಕಿಸಿದೆ.

"ಬಲವಂತ ಮಾಡಬಾರದು ಅಂತ ಹೇಳಿದ್ನಲ್ಲೋ," ಎಂದು ಪಂಚಾಕ್ಷರಪ್ಪನವರು ಪಿಸುಗುಟ್ಟಿದರು.

"ಸುಮ್ನಿರ್ರಿ. ತಿನ್ನೋವರೆಗೂ ಗಡಿಯಾರ ನೋಡಲ್ಲ."

ಅದನ್ನೂ ತಿಂದರು, ಬೆವರುತ್ತ ತಿಂದರು. ಬೇಡ ಎನ್ನಬಾರದೆಂದು ಅವರ ಪುಸ್ತಕದಲ್ಲಿತ್ತು. ಅವಸರ ಮಾಡಬಾರದೆಂದೂ ಇತ್ತು, ಆದ್ದರಿಂದ ಎತ್ತೆಲ್ಲಿ ಎಂದು ಕೇಳಲಿಲ್ಲ. ಟೈಮು ತಪ್ಪಬಾರದೆಂದು ನನಗೆ ಹೇಳಿಕೊಟ್ಟಿದ್ದರು, ಆದ್ದರಿಂದ ಟೈಮಿನ ಮಾತೇ ನಾನು ಎತ್ತಲಿಲ್ಲ. ಇಬ್ಬರೂ ಮರ್ಯಾದಸ್ಥರಾಗಿ ಒಬ್ಬರ ಮುಖ ಒಬ್ಬರು ನೋಡುತ್ತ, ಹಲ್ಲು ಬಿಡುತ್ತ ಕೂತೆವು. ಹತ್ತೂವರೆಗೆ ಅವರನ್ನು ಹರಿಹರೇಶ್ವರನ ಗುಡಿಗೆ ಕರೆದೊಯ್ದೆ. ಕಂಬ ಒಂದೊಂದನ್ನೂ ತೋರಿಸಿದೆ. ವಾಪಸು ಬಂದಾಗ ಹನ್ನೊಂದೂಮುಕ್ಕಾಲು. ಊರೊಳಗೆ ಕಳಿಸಿದ್ದ ಆಳು ಬರಿಗೈಯಲ್ಲಿ ನಿಂತಿದ್ದ.

"ಕಲ್ಲೇಶಪ್ಪ," ಎಂದು ಹಾಲೇಶಪ್ಪ ಮರದ ಕೆಳಗಿಂದಲೇ ಕೂಗಿದ, "ಪುರಸಭೆ ಕಸದ ಗಾಡಿ ಕೋಣ ಅದಾವೆ, ತರಿಸ್ಲೇನು? ಅವಕ್ಕೆ ಸೋಮವಾರ ಇಲ್ಲ!"

ವರ್ತಕರು ಗೊಳ್ಳೆಂದು ನಕ್ಕರು. ಕೋಣ ಎಳೆದ ಗಾಡಿಯನ್ನು ಯಾವ ವರ್ತಕ ಮನೆ ಮುಂದೆ ನಿಲ್ಲಿಸಿಕೊಳ್ಳುತ್ತಾನೆ? ನಾನು ಅವನ ಕಡೆ ನುಗ್ಗುವಷ್ಟರಲ್ಲಿ ಪಂಚಾಕ್ಷರಪ್ಪನವರು ನನ್ನ ರಟ್ಟೆ ಹಿಡಿದುಕೊಂಡರು.

ಅದೇ ಹೊತ್ತಿಗೆ ಸಾಹೇಬರು ನಮ್ಮನ್ನು ಬಿಟ್ಟು ಗಾಡಿಯ ಹತ್ತಿರ ಹೋಗಿದ್ದರು. ಹುಸೇನ್ ಸಾಬರು ಬೆಳಗಿನಿಂದ ಅಲ್ಲೇ ಗಾಲಿಯ ನೆರಳಲ್ಲಿ ಕೂತಿದ್ದರು. ಒಮ್ಮೆ ಗಾಡಿಯ ಕೆಳಗೆ ತೂರಿ ನೋಡುವುದು, ಟೈರನ್ನು ಹೆಬ್ಬೆರಳಲ್ಲಿ ಒತ್ತುವುದು, ನೊಗವನ್ನು ಹೆಗಲ ಮೇಲಿಟ್ಟು ತೂಗುವುದು ಮಾಡುತ್ತಿದ್ದರು. ಸಾಹೇಬರು ದಂಡಿನಲ್ಲಿದ್ದಾಗ ಹಿಂದೂಸ್ಥಾನಿ ಕಲಿತಿದ್ದರಂತೆ. ಹುಸೇನ್ ಸಾಬರ ಪಕ್ಕದಲ್ಲಿ ಕುಕ್ಕುರುಗಾಲಲ್ಲಿ ಕೂತು, "ಬೈಲ್ ಕಹಾಂ ಹೈ, ಮಿಯಾ?" ಎಂದರು.

ಎತ್ತೆಲ್ಲಿ ಎಂದು ಬೆಳಗಿನಿಂದ ಮೊದಲ ಸಲ ಕೇಳಿದ್ದು.

ಹುಸೇನ್ ಸಾಬರು ಎದ್ದು ನಿಂತು, ಇವತ್ತು ಸೋಮವಾರ, ಎತ್ತು ಹೂಡುವ ದಿನವಲ್ಲ, ಎತ್ತು ಬರುವುದಿಲ್ಲ, ನಾಳೆಯಾದರೆ ಬರುತ್ತವೆ ಎಂದು ಅವರ ಭಾಷೆಯಲ್ಲಿ ಹೇಳಿದರು. ಬಚ್ಚಿಡಲಿಲ್ಲ, ಬಣ್ಣ ಕಟ್ಟಲಿಲ್ಲ. ನಮಗೆಲ್ಲ ಕೇಳಿಸಿತು.

ಸಾಹೇಬರು ಜೇಬಿನಿಂದ ನೋಟ್‌ಬುಕ್ಕು ತೆಗೆದು ಏನೋ ಬರೆದುಕೊಂಡರು. ನನ್ನ ಹತ್ತಿರ ಬಂದು ನಿಧಾನವಾಗಿ ಮಾತಾಡಿದರು. ಪಂಚಾಕ್ಷರಪ್ಪನವರ ಮುಖ ಸಣ್ಣದಾಯಿತು.

"ಏನಂತಾರೆ?"

"ಒಂದು ಕಾರ್ಡು ಬರೆದಿದ್ರೆ ಮಂಗಳವಾರನೇ ಬರ್ತಿದ್ನಲ್ಲ, ಯಾಕ ಬರೀಲಿಲ್ಲ ಅಂತಾರೆ. ಮೂರು ತಾಸಿಂದ ಕಾಫಿ ಯಾಕ ಕುಡಿಸಿದ್ರಿ ಅಂತಾರೆ."

ಉತ್ತರವಿಲ್ಲದಾಗ ನನಗೆ ಸಿಟ್ಟು ಬರುತ್ತದೆ. ಸಾಹೇಬರ ಮೇಲೆ ತೋರಿಸುವ ಹಾಗಿರಲಿಲ್ಲ.

"ಏ ಸಾಬ!" ಎಂದು ಕಿರುಚಿದೆ. "ನಿನ್ನ ಯಾರು ಕೇಳಿದ್ರು? ಇಷ್ಟು ಜನರ ಮುಂದೆ ನನ್ನ ಮಾನ ಕಳ್ದೆಲ್ಲ! ಗಾಡಿ ಹೊಡಿಯೋನು ಗಾಡಿ ಹೊಡ್ಕಂಡು ಬಿದ್ದಿರ್ಬೇಕು, ದೊಡ್ಡೋರ ಮಧ್ಯೆ ಬಾಯಿ ಹಾಕ್ಬಾರ್ದು!"

ಯಾರೂ ನಗಲಿಲ್ಲ. ಹುಸೇನ್ ಸಾಬರು ತಲೆಯ ರುಮಾಲು ಬಿಚ್ಚಿ ಕೊಡವಿ ಮತ್ತೆ ಸುತ್ತಿಕೊಂಡರು. "ಬರ್ತೀನ್ರಿ ಎಲ್ಲಾರಿಗೂ," ಎಂದು ವರ್ತಕರಿಗೆ ಹೇಳಿ, ನನಗೆ ಹೇಳದೆ, ಬಸ್ಸಿನ ಕಡೆ ನಡೆದರು.

ಸಾಹೇಬರು ಅವರು ಹೋದ ದಾರಿಯನ್ನೇ ಸ್ವಲ್ಪ ಹೊತ್ತು ನೋಡಿದರು. ಆಮೇಲೆ ಹೇಳಿದ್ದನ್ನು ಪಂಚಾಕ್ಷರಪ್ಪನವರು ಕನ್ನಡ ಮಾಡಿದರು. ಹುಬ್ಬಳ್ಳಿಗೆ ಹೋಗಬೇಕಿದ್ದದ್ದನ್ನು ಒಂದು ದಿನ ಮುಂದೆ ಹಾಕುತ್ತಾರೆ. ರಾತ್ರಿ ಇಲ್ಲಿಯ ಪ್ರವಾಸಿ ಬಂಗಲೆಯಲ್ಲಿರುತ್ತಾರೆ. ನಾಳೆ ಎಂಟು ಗಂಟೆಗೆ ಗಾಡಿ ಹೊರಡಬೇಕು. ಒಂದೇ ಷರತ್ತು, ಗಾಡಿ ಹೊಡೆಯುವವನು ಆ ಮುದುಕನೇ ಆಗಬೇಕು. "ಬೆಳಗಿಂದ ನನಗೆ ನಿಜ ಹೇಳಿದವನು ಅವನೊಬ್ಬನೇ. ನನ್ನ ಗಾಡಿ ಹೇಗಿದೆ ಅನ್ನೋದನ್ನೂ ನಾನು ಅವನ ಬಾಯಿಂದಲೇ ಕೇಳಬೇಕು, ಅಂತಾರೆ."

"ಅವನು ಬರದಿದ್ರೆ?" ಎಂದೆ.

ಪಂಚಾಕ್ಷರಪ್ಪನವರು ಅದನ್ನು ಸಾಹೇಬರಿಗೆ ಕೇಳುವ ಮೊದಲೇ ಹಾಲೇಶಪ್ಪ ಮರ ಬಿಟ್ಟು ಮುಂದೆ ಬಂದಿದ್ದ. "ಸಾಹೇಬರಿಗೆ ಹೇಳ್ರಿ ಯಜಮಾನ್ರೆ, ನಾಳೆ ನನ್ನ ಎತ್ತು, ನನ್ನ ಆಳು ಏಳೂವರೆಗೇ ಇಲ್ಲಿ ತಯಾರಿರ್ತಾವೆ. ಕಲ್ಲೇಶಪ್ಪನಿಗೆ ಆಗ್ದಿದ್ರೆ ಅಷ್ಟೇ."

ಸಾಹೇಬರು ಅದನ್ನು ಕೇಳಿ ತಲೆಯಾಡಿಸಿದರು. ಮೊದಲು ಆ ಮುದುಕ, ಅವನು ಬಾರದಿದ್ದರೆ ಹಾಲೇಶಪ್ಪ. ಅಷ್ಟೇ ಮಾತು.

ನಾನು ಆವರಗೆರೆ ಸೇರಿದಾಗ ಮಧ್ಯಾಹ್ನ ಮೂರು ಗಂಟೆ. ಮನೆ ಬಾಗಿಲಲ್ಲಿ ಖತೀಜಾಬೀ ಅಕ್ಕಿ ಆರಿಸುತ್ತಿದ್ದಳು. ಮೊರದಿಂದ ಕಣ್ಣೆತ್ತದೆ, "ಕೆರೀಗೆ ಹೋಗ್ಯಾರೆ. ಎತ್ತಿನ ಮೈ ತೊಳ್ಯಾಕೆ," ಎಂದಳು. ಸ್ವಲ್ಪ ತಡೆದು, "ಇಲ್ಲಿ ಕೂಗಿದ್ದು ಸಾಕಾತು. ಅಲ್ಲಿ ಕೂಗ್ಬ್ಯಾಡ್ರಿ, ಎತ್ತು ಬೆದರ್ತಾವೆ," ಎಂದಳು.

ಕೆರೆಯ ನೀರು ಫೆಬ್ರವರಿಯಲ್ಲಿ ಹಿಂದೆ ಸರಿದಿರುತ್ತದೆ. ಕೆಸರು ದಾಟಿ ಹೋಗಬೇಕು. ಹುಸೇನ್ ಸಾಬರು ಮೊಣಕಾಲು ನೀರಲ್ಲಿ ನಿಂತು ಬಲಗಡೆಯ ಎತ್ತನ್ನು ಹುಲ್ಲಿನ ಕಂತೆಯಿಂದ ಉಜ್ಜುತ್ತಿದ್ದರು. ಎಡಗಡೆಯದು ಕಾಯುತ್ತ ನಿಂತಿತ್ತು. ನನ್ನನ್ನು ನೋಡಿದರು, ಉಜ್ಜುವುದನ್ನು ನಿಲ್ಲಿಸಲಿಲ್ಲ.

ದಾರಿಯುದ್ದಕ್ಕೂ ಏನು ಹೇಳಬೇಕೆಂದು ಜೋಡಿಸಿಕೊಂಡು ಬಂದಿದ್ದೆ. ಒಂದೂ ಬಾಯಿಗೆ ಬರಲಿಲ್ಲ. ತಪ್ಪಾಯಿತು ಎಂಬ ಮಾತನ್ನು ನಾನು ನನ್ನಪ್ಪನಿಗೂ ಹೇಳಿದವನಲ್ಲ. ಹೊಸ ಧೋತರವನ್ನು ಕಚ್ಚೆ ಕಟ್ಟಿ, ಮೆಟ್ಟು ದಡದಲ್ಲಿ ಬಿಟ್ಟು ನೀರಿಗಿಳಿದೆ. ತೇಲುತ್ತಿದ್ದ ಇನ್ನೊಂದು ಹುಲ್ಲಿನ ಕಂತೆ ತೆಗೆದುಕೊಂಡು ಎಡಗಡೆಯ ಎತ್ತಿನ ಬೆನ್ನು ಉಜ್ಜತೊಡಗಿದೆ.

ಬೆನ್ನು ಮುಗಿಸಿ ಪಕ್ಕೆಗೆ ಬಂದೆ.

"ಹಂಗಲ್ರಿ," ಎಂದರು ಕೊನೆಗೆ. "ಕೂದಲ ಎದುರಿಗೆ ಉಜ್ಜಬ್ಯಾಡ್ರಿ. ಒದೀತೈತೆ."

"ಒದೀಲಿ ಬಿಡು."

"ಒದ್ರೆ ನಂಗೇ ಬೈತೀರಿ."

ನಾನು ಕೂದಲು ಮಲಗಿದ ದಿಕ್ಕಿಗೆ ಉಜ್ಜಿದೆ. ಎತ್ತಿನ ಹೆಗಲಲ್ಲಿ ನೊಗ ಕೂರುವ ಕಡೆ ಚರ್ಮ ದಪ್ಪಗಾಗಿ ಅಂಗೈಯಂತಾಗಿತ್ತು. ಗಾಡಿ ಸಾಮಾನು ಮಾರುತ್ತ ಇಪ್ಪತ್ತು ವರ್ಷವಾಗಿತ್ತು ನನಗೆ. ಅದನ್ನು ಮುಟ್ಟಿ ನೋಡಿದ್ದು ಅವತ್ತೇ ಮೊದಲು.

"ನಿಮ್ಮಪ್ಪಾರು ಶುಕ್ರವಾರ ಮಧ್ಯಾನ ಲೋಡು ಹೇಳ್ತಿರ್ಲಿಲ್ಲ," ಎಂದರು ಹುಸೇನ್ ಸಾಬರು, ಎತ್ತಿನ ಆಚೆಯಿಂದ. "ಗಿರಾಕಿ ಎಷ್ಟು ಕೂಗಾಡಿದ್ರೂ, ಹುಸೇನ ನಮಾಜಿಗೆ ಹೋಗ್ಯಾನೆ, ಇವಾಗ ಆಗಲ್ಲ ಅಂತಿದ್ರು. ಆಗಲ್ಲ ಅನ್ನಾಕೆ ಅವರಿಗೆ ನಾಚ್ಕಿ ಇರ್ಲಿಲ್ಲ. ನಿಮಗೇ ಯಾಕೋ ಭಾಳ ನಾಚ್ಕಿ."

"ಹುಸೇನಣ್ಣ," ಎಂದೆ.

ಅವರು ಎತ್ತಿನ ಬೆನ್ನ ಮೇಲಿಂದ ನನ್ನ ಕಡೆ ನೋಡಿದರು. "ಬೆಳಿಗ್ಗಿಂದ ಸಾಬ ಆಗಿದ್ದೆ. ಈಗ ಅಣ್ಣ ಆದೆ?"

"ಹೂಂ."

"ಆ ಸಾಹೇಬ ನಾನೇ ಹೊಡೀಬೇಕು ಅಂದನಂತಲ್ಲ. ಹಿಂದಿಂದ ಬಂದ ವರ್ತಕರು ಬಸ್ಸಿನಾಗೆ ಹೇಳಿದ್ರು. ಅದಕ್ಕೆ ಬಂದ್ರಿ."

"ಅದಕ್ಕೇ ಬಂದೆ," ಎಂದೆ. ಸುಳ್ಳು ಹೇಳಿ ಪ್ರಯೋಜನವಿರಲಿಲ್ಲ. "ನೀನು ಬರದಿದ್ರೆ ಅಂಗಡಿ ಹೋಗ್ತೈತೆ. ಆದ್ರೆ ನಾನು ಬೈದಿದ್ದು ತಪ್ಪು. ಅದು ಬ್ಯಾರೆ."

ಅವರು ಎತ್ತಿನ ಮೇಲೆ ಎರಡು ಬೊಗಸೆ ನೀರು ಹುಯ್ದರು. "ನಾಳೆ ಬರ್ತೀನಿ. ಆದ್ರೆ ಒಂದು ಮಾತು. ಗಾಡಿ ಚಲೋ ಇದ್ರೆ ಚಲೋ ಅಂತೀನಿ. ಖೊಟ್ಟಿ ಇದ್ರೆ ಖೊಟ್ಟಿ ಅಂತೀನಿ. ಆಗ ನೀವು ಬಾಯಿ ತೆಗೀಬಾರ್ದು."

"ತೆಗ್ಯಲ್ಲ."

"ಬಾಲ ಉಜ್ರಿ. ಹಂಗೇ ಬಿಟ್ಟೀರಿ."

ಮಂಗಳವಾರ ಎಂಟಕ್ಕೆ ಐದು ನಿಮಿಷವಿರುವಾಗ ಗಾಡಿ ಹರಿಹರದಿಂದ ಹೊರಟಿತು. ಹಾಲೇಶಪ್ಪನ ಎತ್ತುಗಳು ಅಲ್ಲೇ ಬೇವಿನ ಮರಕ್ಕೆ ಕಟ್ಟಿಸಿಕೊಂಡು ನಿಂತಿದ್ದವು. ಸಾಹೇಬರು ಹುಸೇನ್ ಸಾಬರ ಪಕ್ಕದಲ್ಲಿ ಮೂಟೆಗಳ ಮೇಲೆ ಕೂತರು. ನಾನೂ ಪಂಚಾಕ್ಷರಪ್ಪನವರೂ ಜಟಕಾದಲ್ಲಿ ಹಿಂದೆ ಹೋದೆವು. ಸದ್ದೇ ಇಲ್ಲದ ಗಾಡಿ. ಕಬ್ಬಿಣದ ಪಟ್ಟಿಯ ಕಟಕಟ ಇಲ್ಲ, ಬರೇ ಎತ್ತಿನ ಗೆಜ್ಜೆ. ಮೂವತ್ತು ಮೂಟೆಯ ಭಾರವೇ ಇಲ್ಲವೆಂಬಂತೆ ಎತ್ತುಗಳು ನಡೆದವು. ನಾಲ್ಕನೇ ಮೈಲಿಯಲ್ಲಿ ಜಾಲಿ ಮುಳ್ಳು ತೂರಿ ಒಂದು ಟೈರು ಕೂತಿತು. ಸಾಹೇಬರೇ ತೋಳು ಮಡಿಸಿ ತೇಪೆ ಹಾಕಿದರು, ಮುಕ್ಕಾಲು ತಾಸು ಹೋಯಿತು. ಮುಂದೆ ಹಳ್ಳದ ಇಳಿಜಾರಿನಲ್ಲಿ ಗಾಡಿ ತಾನಾಗಿ ಉರುಳತೊಡಗಿ ಎತ್ತಿನ ಹಿಂಗಾಲಿಗೆ ಒತ್ತಿಕೊಂಡು ಹೋಯಿತು. ಹುಸೇನ್ ಸಾಬರು ಕೆಳಗೆ ಹಾರಿ, ನೊಗಕ್ಕೆ ಬೆನ್ನು ಕೊಟ್ಟು ತಡೆದರು.

ಮಂಡಿಯಲ್ಲಿ ಹನ್ನೆರಡು ವರ್ತಕರೂ ಕಾಯುತ್ತಿದ್ದರು. ಗಾಡಿ ನಿಂತ ಕೂಡಲೇ ಅವರು ಸಾಹೇಬರನ್ನೂ ಕೇಳಲಿಲ್ಲ, ನನ್ನನ್ನೂ ಕೇಳಲಿಲ್ಲ. ಎತ್ತಿನ ಹೆಗಲು ನೋಡಿದರು, ಬಾಯಿಯ ನೊರೆ ನೋಡಿದರು, ಆಮೇಲೆ ಹುಸೇನ್ ಸಾಬರ ಸುತ್ತ ನಿಂತರು.

"ಹೆಂಗೈತೆ ಹುಸೇನಪ್ಪ?"

ಹುಸೇನ್ ಸಾಬರು ಕನ್ನಡದಲ್ಲೇ ಹೇಳಿದರು, ಪಂಚಾಕ್ಷರಪ್ಪನವರು ಸಾಹೇಬರಿಗೆ ಇಂಗ್ಲಿಷ್ ಮಾಡುತ್ತ ಹೋದರು. "ಎಳ್ಯಾಕೆ ಹಗುರ ಐತ್ರಿ. ನಮ್ಮ ಗಾಡ್ಯಾಗೆ ಅರ್ಧ ಭಾರಕ್ಕೆ ಬಡ್ಕೊಂಬೋ ಎತ್ತು ಇದ್ರಾಗೆ ಆರಾಮ ಬಂದಾವೆ, ಹೆಗಲು ಕೆಂಪಾಗಿಲ್ಲ ನೋಡ್ರಿ. ಆದ್ರೆ ಇಳಿಜಾರಿನಾಗೆ ಇದು ಎತ್ತಿನ ಮಾತು ಕೇಳಲ್ಲ. ಲಾರಿಗಿದ್ದಂಗೆ ಬಿರಿಕಿ ಬೇಕು. ಬಿರಿಕಿ ಇಲ್ದಿದ್ರೆ ಒಂದಿನ ಎತ್ತಿನ ಕಾಲು ಮುರಿತೈತೆ. ಮತ್ತೆ ಜಾಲಿ ಮುಳ್ಳು. ಹೊಲದ ದಾರೀಗೆ ಇದು ಬ್ಯಾಡ್ರಿ. ಟಾರು ರಸ್ತೆಗಾದ್ರೆ ತಗೊಳ್ರಿ."

ಎಂಟು ತಿಂಗಳು ಕಾಗದ ಬರೆಸಿ, ಎರಡು ದಿನ ನಿದ್ದೆಗೆಟ್ಟು ಕೊನೆಗೆ ಬಂದ ಮಾತು, ಬ್ಯಾಡ್ರಿ! ಬಾಯಿ ತೆರೆದೇ ಬಿಟ್ಟಿದ್ದೆ. ಹುಸೇನ್ ಸಾಬರು ನನ್ನ ಕಡೆ ತಿರುಗಿ ನೋಡಿದರು. ಮುಚ್ಚಿದೆ.

ವರ್ತಕರು ತಮ್ಮತಮ್ಮಲ್ಲೇ ಮಾತಾಡಿಕೊಂಡರು. ಅವರಲ್ಲಿ ಹಿರಿಯರಾದ ಹತ್ತಿ ಮಂಡಿಯ ಶಿವಯೋಗಪ್ಪನವರು ಮುಂದೆ ಬಂದು, "ಬಿರಿಕಿ ಹಾಕಿಸಿ ಕೊಡೋದಾದ್ರೆ ಸ್ಟೇಷನ್ ಲೋಡಿಗೆ ನಂಗೆ ಎರಡು ಬೇಕು," ಎಂದರು. ಅವರ ಹಿಂದೆ ಇನ್ನೂ ಮೂವರು. ಗಾಡಿಯಲ್ಲಿ ದೋಷವೇ ಇಲ್ಲವೆಂದು ಹುಸೇನ್ ಸಾಬರು ಹೇಳಿದ್ದರೆ ಒಬ್ಬರೂ ಕೊಳ್ಳುತ್ತಿರಲಿಲ್ಲ ಎಂದು ಶಿವಯೋಗಪ್ಪನವರೇ ಆಮೇಲೆ ನನಗೆ ಹೇಳಿದರು.

ಸಾಹೇಬರು ಎಲ್ಲವನ್ನೂ ಬರೆದುಕೊಂಡರು. ಬ್ರೇಕಿನ ಚಿತ್ರವನ್ನೂ ಬರೆದುಕೊಂಡರು, ಅದನ್ನು ಎಲ್ಲಿ ಹಾಕಬೇಕೆಂದು ಹುಸೇನ್ ಸಾಬರು ಬೆರಳಿಟ್ಟು ತೋರಿಸಿದರು. ಸಂಜೆಯ ರೈಲು ಹತ್ತುವ ಮೊದಲು ಕೈ ಜೋಡಿಸಿದರು. ನಾನೂ ಕೈ ಜೋಡಿಸಿದೆ. ಈ ಸಲ ಇಬ್ಬರಿಗೂ ಸರಿಹೋಯಿತು.

ಮಾರ್ಚಿನಲ್ಲಿ ಏಜೆನ್ಸಿಯ ಕಾಗದ ನನ್ನ ಹೆಸರಿಗೆ ಬಂತು. ಯುಗಾದಿ ಕಳೆದ ಮೇಲೆ ಇನ್ನೊಂದು ಕಾಗದ ಬಂತು. ಬ್ರೇಕು ಹಾಕಿದ ಗಾಡಿ ತಯಾರಾಗಿದೆ, ಬೇರೊಬ್ಬ ಸಾಹೇಬರು ತರುತ್ತಾರೆ, ಏಪ್ರಿಲ್ ಇಪ್ಪತ್ತೈದು ಮಧ್ಯಾಹ್ನ ಒಂದು ಗಂಟೆಗೆ ಅನುಕೂಲವೇ ಎಂದು ಕೇಳಿದ್ದರು.

"ಯಾವ ವಾರ?" ಎಂದೆ.

ಪಂಚಾಕ್ಷರಪ್ಪನವರು ಪಂಚಾಂಗ ನೋಡಿದರು. "ಸೋಮವಾರ ಅಲ್ಲ ಬಿಡು. ಶುಕ್ರವಾರ. ಅನುಕೂಲ ಅಂತ ಬರೀಲಾ?"

"ಬ್ಯಾಡ್ರಿ. ಆಗಲ್ಲ ಅಂತ ಬರೀರಿ."

"ಎತ್ತು ಸಿಗ್ತಾವಲ್ಲೋ ಶುಕ್ರವಾರ?"

"ಎತ್ತು ಸಿಗ್ತಾವೆ. ಹೊಡಿಯೋನು ನಮಾಜಿಗೆ ಹೋಗಿರ್ತಾನೆ. ಮಂಗಳವಾರ ಬರ್ರಿ ಅಂತ ಬರೀರಿ."

"ಸ್ವಲ್ಪ ನಯವಾಗಿ ಬರೀತೀನಿ ತಡಿ. ದಯವಿಟ್ಟು ಕ್ಷಮಿಸಬೇಕು, ಪ್ರಯತ್ನ ಮಾಡಿ ನೋಡ್ತೀವಿ, ಆದರೂ..."

"ಅದೆಲ್ಲ ಬ್ಯಾಡ. ಆಗಲ್ಲ ಅಂತಾನೇ ಬರೀರಿ," ಎಂದೆ.